ಏಳೊಂದ್ಲೆ ಏಳು

ಹಿರೇಕೆರೂರ ಸೀಮೆಯ ಹಳ್ಳಿಯ ಶಾಲೆಯೊಂದರಲ್ಲಿ, ಸಂಜೆಯ ಕೊನೆಯ ತಾಸಿಗೆ, ಹಂಚಿನ ಮಾಡಿನ ಕೆಳಗೆ ಸಾಲಾಗಿ ನಿಂತು ಮಗ್ಗಿಯನ್ನು ಒಪ್ಪಿಸುತ್ತಿದ್ದ ನಮ್ಮ ಕಾಲದಲ್ಲಿ, ಯಾವ ಮಗ್ಗಿಯನ್ನು ಹಿಡಿದರೂ ಅದರ ಮೊದಲ ಸಾಲನ್ನು ತಪ್ಪುವ ಹುಡುಗನು ಒಬ್ಬನೂ ಇರಲಿಲ್ಲ. ಹದಿನೇಳರ ಮಗ್ಗಿಯು ಏಳನೆಯ ಸಾಲನ್ನು ಮುಟ್ಟುವಷ್ಟರಲ್ಲಿ ಧ್ವನಿಗಳು ಒಂದೊಂದಾಗಿ ಕುಗ್ಗಿ, ಎಂಟನೆಯ ಸಾಲಿಗೆ ಮುಂದಿನ ಬೆಂಚಿನ ಇಬ್ಬರು ಮಾತ್ರ ಉಳಿಯುತ್ತಿದ್ದರೂ, ‘ಹದಿನೇಳೊಂದ್ಲೆ ಹದಿನೇಳು’ ಎಂಬಲ್ಲಿ ಇಡೀ ತರಗತಿಯ ಕಂಠವು ಒಂದಾಗಿ ಮಾಡನ್ನು ನಡುಗಿಸುತ್ತಿತ್ತು. ಒಂದು ದಿನ ನಮ್ಮಲ್ಲೊಬ್ಬನು, ಧೈರ್ಯದಿಂದಲೋ ಸೋಮಾರಿತನದಿಂದಲೋ, “ಸರ, ಏಳೊಂದ್ಲೆ ಏಳಂದ್ರ ಏನೂ ಮಾಡ್ಲಿಲ್ಲಲ್ರೀ?” ಎಂದು ಕೇಳಿದನು. ಮಾಸ್ತರರು ಕ್ಷಣ ಹೊತ್ತು ಅವನನ್ನೇ ನೋಡಿ, “ಏನೂ ಮಾಡಲಾರದ್ದೂ ಒಂದು ಲೆಕ್ಕನ ಐತಿ, ಕುಂದರು” ಎಂದರು. ಪ್ರಶ್ನೆಯೂ ಉತ್ತರವೂ ಅಂದು ನಗೆಯಲ್ಲಿ ಮುಗಿದುವು. ಆದರೆ ಆ ಎರಡು ವಾಕ್ಯಗಳ ನಡುವೆ ಗಣಿತಶಾಸ್ತ್ರದ ಒಂದು ಮೂಲತತ್ತ್ವವು ಅಡಗಿದ್ದಿತೆಂಬುದು ನನಗೆ ತಿಳಿದುದು ಬಹಳ ತಡವಾಗಿ.

ಯಾವ ಸಂಖ್ಯೆಯನ್ನೇ ಆಗಲಿ ಒಂದರಿಂದ ಗುಣಿಸಿದರೆ ಆ ಸಂಖ್ಯೆಯು ಇದ್ದಂತೆಯೇ ಇರುತ್ತದೆ. ಗುಣಾಕಾರವೆಂದರೆ ಒಂದು ಗುಂಪನ್ನು ಇಷ್ಟು ಸಲ ತೆಗೆದುಕೊಳ್ಳುವುದು. ಒಂದೇ ಸಲ ತೆಗೆದುಕೊಂಡಾಗ ಗುಂಪು ಬೆಳೆಯುವುದೂ ಇಲ್ಲ, ಕುಗ್ಗುವುದೂ ಇಲ್ಲ. ಇದನ್ನು ಕಂಡು ‘ಒಂದು’ ಎಂಬುದು ನಿರ್ವೀರ್ಯವಾದ ಸಂಖ್ಯೆಯೆಂದು ಯಾರಾದರೂ ತೀರ್ಮಾನಿಸುವುದಾದರೆ, ಅಂಥವರನ್ನು ಸುಗ್ಗಿಯ ಕಣಕ್ಕೆ ಕರೆದೊಯ್ಯಬೇಕು. ತೂರಿ ಹಸನಾದ ಜೋಳದ ರಾಶಿಗೆ ಪೂಜೆಯಾದ ಮೇಲೆ, ಅಳೆಯುವವನು ಮೊದಲ ಕೊಳಗವನ್ನು ತುಂಬಿ ಚೀಲಕ್ಕೆ ಸುರಿಯುವಾಗ ‘ಒಂದು’ ಎನ್ನುವುದಿಲ್ಲ, ‘ಲಾಭ’ ಎನ್ನುತ್ತಾನೆ. ಅನಂತರವೇ ಎರಡು, ಮೂರು. ಕೂಡಿಸುವ ಕೆಲಸದಲ್ಲಿ ಒಂದು ಬಂದರೆ ಏನೋ ಬಂದಿತು, ರಾಶಿಯು ಮೊದಲಿನ ರಾಶಿಯಾಗಿ ಉಳಿಯಲಿಲ್ಲ ಎಂಬುದನ್ನು ರೈತನು ಆ ಒಂದು ಮಾತಿನಲ್ಲಿ ಹೇಳಿಬಿಡುತ್ತಾನೆ. ಮದುವೆಯ ಮನೆಯಲ್ಲಿ ಆಯಾರ ಮಾಡುವವರು ನೂರಕ್ಕೆ ನಿಲ್ಲದೆ ನೂರಾ ಒಂದು ಕೊಡುವುದೂ ಅದೇ ಕಾರಣಕ್ಕೆ. ಆ ಕೊನೆಯ ಒಂದು ರೂಪಾಯಿಯು ನೂರನ್ನು ಹಿಂದಿನ ನೂರಾಗಿರಗೊಡುವುದಿಲ್ಲ. ಮಗ್ಗಿಯಲ್ಲಿ ನಿಶ್ಚೇಷ್ಟವಾಗಿದ್ದ ಒಂದು, ಕಣದಲ್ಲಿ ಲಾಭವಾಯಿತು. ಸಂಖ್ಯೆ ಅದೇ, ಕ್ರಿಯೆ ಮಾತ್ರ ಬೇರೆ.

ಹಾಗಾದರೆ ಕೂಡಿಸುವಲ್ಲಿ ನಿಶ್ಚೇಷ್ಟವಾಗಿರುವುದು ಯಾವುದು? ಸೊನ್ನೆಯೆಂದು ಯಾರಾದರೂ ಹೇಳಿಯಾರು. ಆದರೆ ಸೊನ್ನೆಯನ್ನು ಕಣದಲ್ಲಿ ಯಾರೂ ಅಳೆಯುವುದಿಲ್ಲ; ಖಾಲಿ ಕೊಳಗವನ್ನು ಚೀಲಕ್ಕೆ ಬೋರಲು ಹಾಕಿ ಎಣಿಸುವವನನ್ನು ಊರು ಹುಚ್ಚನೆಂದೀತು. ಸೊನ್ನೆಯನ್ನು ಕೂಡಿಸುವ ಅಗತ್ಯವು ತಲೆದೋರುವುದು ಲೆಕ್ಕವನ್ನು ಬರೆದಿಡಲು ಆರಂಭಿಸಿದಾಗ. ಸವಣೂರಿನ ಪೇಟೆಯ ವರ್ತಕರೊಬ್ಬರ ಮನೆಯಲ್ಲಿ ನಾನೊಮ್ಮೆ ಹಳೆಯ ಕಿರ್ದಿಯೊಂದನ್ನು ತಿರುವಿ ನೋಡಿದ್ದುಂಟು: ಕೆಂಪು ಬಟ್ಟೆಯ ರಟ್ಟು, ಒಂದು ಬದಿಗೆ ಜಮಾ, ಇನ್ನೊಂದು ಬದಿಗೆ ಖರ್ಚು, ಪ್ರತಿದಿನದ ಮೇಲ್ತುದಿಗೆ ಹಿಂದಿನ ಶಿಲ್ಕು, ಕೆಳತುದಿಗೆ ಅಂದಿನ ಶಿಲ್ಕು. ಮಳೆ ಹಿಡಿದು ಅಂಗಡಿಯ ಬಾಗಿಲನ್ನೇ ತೆರೆಯದಿದ್ದ ಒಂದು ದಿನದ ಪುಟದಲ್ಲಿ ಮೇಲೆ ೪೧೨–೬–೦ ಎಂದೂ, ನಡುವೆ ಎರಡೂ ಬದಿಗೆ ಬರಿಯ ಗೀಟುಗಳೂ, ಕೆಳಗೆ ಮತ್ತೆ ೪೧೨–೬–೦ ಎಂದೂ ಬರೆದಿದ್ದಿತು. ಏನೂ ನಡೆಯದ ದಿನಕ್ಕೂ ಒಂದು ಪುಟವನ್ನು ಸಲ್ಲಿಸಿದ ಆ ವರ್ತಕರು ಸಂಕಲನದ ಒಂದು ನಿಯಮವನ್ನು ನಿಷ್ಠೆಯಿಂದ ಪಾಲಿಸಿದ್ದರು. ಪುಟವನ್ನು ಬಿಟ್ಟುಬಿಟ್ಟಿದ್ದರೆ, ಅಂದು ವ್ಯಾಪಾರವಾಗಲಿಲ್ಲವೋ ಅಥವಾ ವ್ಯಾಪಾರವಾಗಿ ಬರೆಯುವುದು ಮರೆತಿತೋ ಎಂಬುದು ಮಾರನೆಯ ದಿನ ಯಾರಿಗೂ ತಿಳಿಯುತ್ತಿರಲಿಲ್ಲ. ಪೈಯ ಸ್ಥಾನದಲ್ಲಿ ಕುಳಿತ ಸೊನ್ನೆಯನ್ನೂ ಗಮನಿಸಬೇಕು. ಅದು ಮೊತ್ತಕ್ಕೆ ಒಂದು ಕಾಸನ್ನೂ ಸೇರಿಸುವುದಿಲ್ಲ, ಆದರೆ ಆಣೆಯನ್ನು ಪೈಯೆಂದು ಓದಿಬಿಡುವ ಪ್ರಮಾದವನ್ನು ತಡೆಯುತ್ತದೆ. ಸ್ಥಾನವನ್ನು ಕಾಯುವ ಸೊನ್ನೆಗೆ ಇನ್ನೊಂದು ನಿದರ್ಶನ: ಚಾಲುಕ್ಯರ ಕಾಲದ ಶಾಸನಗಳು ಹಾನಗಲ್ಲ ನಾಡನ್ನು ‘ಪಾನುಂಗಲ್ ಐನೂರು’ ಎಂದು ಕರೆಯುತ್ತವೆ. ಆ ಐನೂರು ಊರುಗಳ ಲೆಕ್ಕವೋ ಆದಾಯದ ಲೆಕ್ಕವೋ ಎಂಬ ಚರ್ಚೆಯನ್ನು ಇತಿಹಾಸಜ್ಞರು ಇನ್ನೂ ಮುಗಿಸಿಲ್ಲ. ಅದೇನೇ ಇರಲಿ, ಅದನ್ನು ಅಂಕೆಯಲ್ಲಿ ೫೦೦ ಎಂದು ಬರೆದು, ಸೊನ್ನೆಗೆ ಬೆಲೆಯಿಲ್ಲವೆಂದು ಎರಡನ್ನೂ ಅಳಿಸುವ ಜಾಣನಿಗೆ ಉಳಿಯುವುದು ಐದು. ಕೂಡಿಸುವುದರಲ್ಲಿ ಏನನ್ನೂ ಮಾಡದಿರುವುದು ಬೇರೆ, ಇಲ್ಲದಿರುವುದು ಬೇರೆ.

ನಮ್ಮ ಪಠ್ಯಪುಸ್ತಕಗಳು ಸೊನ್ನೆಯನ್ನು ಸಂಕಲನದ ‘ಅನನ್ಯತಾಂಶ’ವೆಂದೂ, ಒಂದನ್ನು ಗುಣಾಕಾರದ ‘ಅನನ್ಯತಾಂಶ’ವೆಂದೂ ಹೆಸರಿಸುತ್ತವೆ. ಶಬ್ದವು ಶಾಸ್ತ್ರಶುದ್ಧವೇ ಸರಿ. ಆದರೆ ಹತ್ತು ವರ್ಷದ ಮಗುವಿನ ನಾಲಿಗೆಗೆ ಅದು ಕಡಲೆಯಲ್ಲ, ಕಲ್ಲು. ಇದಕ್ಕಿಂತ ಸರಳವೂ ಹಳೆಯದೂ ಆದ ಒಂದು ಮಾತು ಕನ್ನಡ ನಾಡಿನಲ್ಲಿಯೇ, ಸುಮಾರು ೧೧೫೦ ವರ್ಷಗಳ ಹಿಂದೆ, ಇದೇ ಪ್ರಸಂಗದಲ್ಲಿ ಬಳಕೆಯಾಗಿದ್ದಿತು.

ಶಿಗ್ಗಾವಿಯಿಂದ ಅನತಿದೂರದಲ್ಲಿರುವ ಬಂಕಾಪುರವು ಇಂದು ನವಿಲುಗಳ ಧಾಮವೆಂದೂ, ಕೋಟೆಯೊಳಗಿನ ನಗರೇಶ್ವರ ದೇವಾಲಯದಿಂದಲೂ ಪ್ರಸಿದ್ಧವಾಗಿದೆ. ಆ ದೇವಾಲಯವನ್ನು ಜನರು ಅರವತ್ತು ಕಂಬದ ಗುಡಿಯೆನ್ನುತ್ತಾರೆ. ಊರಿಗೆ ಆ ಹೆಸರು ಬಂದುದು ರಾಷ್ಟ್ರಕೂಟ ಚಕ್ರವರ್ತಿಯಾದ ಅಮೋಘವರ್ಷ ನೃಪತುಂಗನ ಸೇನಾನಿ ಬಂಕೇಯನಿಂದ. ಬನವಾಸಿ ಪನ್ನಿರ್ಛಾಸಿರವನ್ನು ಆಳಿದ ಆ ಬಂಕೇಯನ ಮಗ ಲೋಕಾದಿತ್ಯನು ಶಕ ೮೨೦ರಲ್ಲಿ ಬಂಕಾಪುರದಲ್ಲಿ ಆಳುತ್ತಿದ್ದುದನ್ನು ಗುಣಭದ್ರಾಚಾರ್ಯನ ಉತ್ತರಪುರಾಣದ ಪ್ರಶಸ್ತಿಯು ಸ್ಮರಿಸುತ್ತದೆ. ಇದೇ ಅಮೋಘವರ್ಷನನ್ನು ತನ್ನ ಗ್ರಂಥದ ಆದಿಯಲ್ಲಿ ಕೊಂಡಾಡಿದ ಇನ್ನೊಬ್ಬ ಜೈನ ವಿದ್ವಾಂಸನೇ ಮಹಾವೀರಾಚಾರ್ಯ. ಆತನ ‘ಗಣಿತಸಾರಸಂಗ್ರಹ’ವು ಜ್ಯೋತಿಷದ ಹಂಗಿಲ್ಲದೆ ಗಣಿತವನ್ನು ಗಣಿತವಾಗಿಯೇ ವಿವರಿಸುವ, ಒಂಬತ್ತು ಅಧಿಕಾರಗಳ ಸಂಸ್ಕೃತ ಗ್ರಂಥ. ೧೯೧೨ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಇದನ್ನು ಪ್ರಕಟಿಸುವವರೆಗೆ ಇದು ಓಲೆಗರಿಗಳ ಕಟ್ಟಿನಲ್ಲಿಯೇ ಉಳಿದಿದ್ದಿತು. ಸ್ವಾರಸ್ಯವೇನೆಂದರೆ, ಸಾಧಾರಣ ಸಂಕಲನವನ್ನೂ ವ್ಯವಕಲನವನ್ನೂ ಮಹಾವೀರನು ಪ್ರತ್ಯೇಕವಾಗಿ ಬೋಧಿಸಲು ಹೋಗುವುದಿಲ್ಲ, ಅವು ಓದುಗನಿಗೆ ಬರುತ್ತವೆಂದೇ ಆತನ ಭಾವನೆ. ಆದರೆ ಸೊನ್ನೆಯ ಸಂಕಲನವನ್ನು ಮಾತ್ರ ಮೊದಲನೆಯ ಅಧಿಕಾರದಲ್ಲಿಯೇ, ಪರಿಭಾಷೆಗಳ ನಡುವೆ, ಮರೆಯದೆ ನಿಯಮಿಸುತ್ತಾನೆ. ಸೊನ್ನೆಯಿಂದ ಗುಣಿಸಿದ ರಾಶಿಯು ಸೊನ್ನೆಯಾಗುತ್ತದೆ. ಸೊನ್ನೆಯನ್ನು ಕೂಡಿಸಿದರೂ ಕಳೆದರೂ ರಾಶಿಯು ‘ಅವಿಕಾರಿ’, ಎಂದರೆ ವಿಕಾರ ಹೊಂದದೆ ಇದ್ದಂತೆಯೇ ಉಳಿಯುತ್ತದೆ. ನಾನು ಹೇಳಿದ ಹಳೆಯ ಮಾತು ಇದೇ. ಅಷ್ಟಕ್ಕೆ ತೃಪ್ತನಾಗದೆ ಆತನು ಮತ್ತೊಂದು ಮಾತನ್ನೂ ಸೇರಿಸುತ್ತಾನೆ: ಸೊನ್ನೆಗೇ ಒಂದು ಸಂಖ್ಯೆಯನ್ನು ಕೂಡಿಸಿದರೆ ಸೊನ್ನೆಯು ಆ ಸಂಖ್ಯೆಯ ರೂಪವನ್ನು ತಾಳುತ್ತದೆ. ಏಳಕ್ಕೆ ಸೊನ್ನೆ, ಸೊನ್ನೆಗೆ ಏಳು, ಎರಡು ಬಗೆಯನ್ನೂ ಬೇರೆ ಬೇರೆಯಾಗಿ ಹೇಳಬೇಕೆಂದು ಆತನಿಗೆ ತೋರಿದ ಸೂಕ್ಷ್ಮಕ್ಕೆ ನಾನು ತಲೆಬಾಗುತ್ತೇನೆ. ಅದರ ಪ್ರಯೋಜನವು ಮುಂದೆ ಕಾಣಬರುವುದು.

ಆದರೆ ಅದೇ ಉಸಿರಿನಲ್ಲಿ ಮಹಾವೀರನು ಎಡವಿದನು. ಸೊನ್ನೆಯಿಂದ ಭಾಗಿಸಿದರೂ ರಾಶಿಯು ಅವಿಕಾರಿಯೇ ಎಂದುಬಿಟ್ಟನು. ಹನ್ನೆರಡನ್ನು ಮೂರರಿಂದ ಭಾಗಿಸಿದರೆ ನಾಲ್ಕು ಬಂದಿತೆಂಬುದಕ್ಕೆ ಸಾಕ್ಷಿ, ಮೂರನ್ನು ನಾಲ್ಕರಿಂದ ಗುಣಿಸಿದರೆ ಹನ್ನೆರಡು ಹಿಂದಿರುಗುವುದು; ಆ ನ್ಯಾಯದಿಂದ ಹನ್ನೆರಡನ್ನು ಸೊನ್ನೆಯಿಂದ ಭಾಗಿಸಿ ಹನ್ನೆರಡು ಬಂದಿತಾದರೆ, ಸೊನ್ನೆಯನ್ನು ಹನ್ನೆರಡರಿಂದ ಗುಣಿಸಿದಾಗ ಹನ್ನೆರಡು ಬರಬೇಕು, ಬರುವುದಾದರೋ ಸೊನ್ನೆಯೆಂದು ಆತನೇ ಆ ಸೂತ್ರದಲ್ಲಿ ಹೇಳಿಯಾಗಿದೆ. ಸೂತ್ರದ ಒಂದು ಅರ್ಧವು ಇನ್ನೊಂದು ಅರ್ಧದ ಮೇಲೆ ದಾವೆ ಹೂಡಿದಂತಾಯಿತು. ಮಹಾವೀರನಿಗಿಂತ ಎರಡು ಶತಮಾನಗಳ ಹಿಂದೆ, ೬೨೮ರಲ್ಲಿ, ‘ಬ್ರಾಹ್ಮಸ್ಫುಟಸಿದ್ಧಾಂತ’ವನ್ನು ಬರೆದ ಬ್ರಹ್ಮಗುಪ್ತನು ಈ ಸ್ಥಳದಲ್ಲಿ ಸೊನ್ನೆಯನ್ನು ಛೇದವಾಗಿಯೇ ಉಳಿಸಿ ಜಾರಿಕೊಂಡಿದ್ದನು, ಮೂರು ಶತಮಾನಗಳ ಅನಂತರ ಭಾಸ್ಕರಾಚಾರ್ಯನು ಅದನ್ನು ಖಹರವೆಂದು ಕರೆದು, ಎಷ್ಟು ಸೇರಿಸಿದರೂ ತೆಗೆದರೂ ವಿಕಾರಗೊಳ್ಳದ ಅನಂತರಾಶಿಯೆಂದು ವರ್ಣಿಸಿದನು. ಇಂದಿನ ಗಣಿತವು ಆ ಭಾಗಾಕಾರಕ್ಕೆ ಅರ್ಥವನ್ನೇ ಕೊಡದೆ ಬಿಟ್ಟಿದೆ.

ಮಹಾವೀರನಂಥ ಮೇಧಾವಿಯು ಎಡವಿದುದೇತಕ್ಕೆ? ಹಂಚಿಕೊಳ್ಳಲು ಯಾರೂ ಇಲ್ಲದಿದ್ದರೆ ಹಣ್ಣುಗಳು ಬುಟ್ಟಿಯಲ್ಲಿಯೇ ಉಳಿಯುತ್ತವಷ್ಟೆ ಎಂಬ ಲೋಕರೂಢಿಯು ಆತನನ್ನು ಸೆಳೆದಿರಬಹುದೆಂದು ನನ್ನ ಊಹೆ. ಕಾರಣವೇನೇ ಇರಲಿ, ತಪ್ಪಿನ ಸ್ವರೂಪವು ಬಹಳ ಉಪದೇಶಕರವಾದುದು: ಕೂಡುವ ಕಳೆಯುವ ಮನೆಯಲ್ಲಿ ಸೊನ್ನೆಗಿದ್ದ ಅಧಿಕಾರವನ್ನು ಆತನು ಭಾಗಿಸುವ ಮನೆಗೂ ವಿಸ್ತರಿಸಿದನು, ಆ ಮನೆಯಲ್ಲಿ ಆ ಪದವಿಯು ಒಂದಕ್ಕೆ ಸೇರಿದುದು. ಬದಲಾಗದ ರಾಶಿಗೆ ಆತನು ಹೇಳಿದ ‘ಅವಿಕಾರಿ’ ಎಂಬ ಮಾತನ್ನು, ಯಾವುದನ್ನೂ ಬದಲಿಸದ ಸಂಖ್ಯೆಗೆ ನಾನು ಇಲ್ಲಿಂದ ಮುಂದೆ ಬಳಸುತ್ತೇನೆ. ಅವಿಕಾರಿತ್ವವು ಸಂಖ್ಯೆಗೆ ಹುಟ್ಟಿನಿಂದ ಅಂಟಿಬಂದ ಗುಣವಲ್ಲ. ಒಂದು ಕ್ರಿಯೆಗೆ ಸಂಬಂಧಿಸಿದ ಪದವಿ. ಕ್ರಿಯೆಯನ್ನು ಹೆಸರಿಸದೆ ‘ಏನನ್ನೂ ಬದಲಿಸದ ಸಂಖ್ಯೆ ಯಾವುದು’ ಎಂದು ಕೇಳುವುದು, ತಾಲ್ಲೂಕನ್ನು ಹೇಳದೆ ತಹಶೀಲ್ದಾರರು ಯಾರು ಎಂದು ಕೇಳಿದಂತೆ.

ಭಾಗಾಕಾರದಲ್ಲಿ ಒಂದಕ್ಕಿರುವ ಪದವಿಯೂ ಪೂರ್ಣವಾದುದಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಏಳನ್ನು ಒಂದರಿಂದ ಭಾಗಿಸಿದರೆ ಏಳು. ಒಂದನ್ನು ಏಳರಿಂದ ಭಾಗಿಸಿದರೆ ಏಳರಲ್ಲಿ ಒಂದು ಪಾಲು. ಏಳರಲ್ಲಿ ಸೊನ್ನೆಯನ್ನು ಕಳೆದರೆ ಏಳು. ಸೊನ್ನೆಯಲ್ಲಿ ಏಳನ್ನು ಕಳೆದರೆ ಏಳರ ಸಾಲ. ಬಲಗಡೆಗೆ ನಿಂತಾಗ ಮಾತ್ರ ಸುಮ್ಮನಿದ್ದು ಎಡಗಡೆಗೆ ಬಂದೊಡನೆ ಗದ್ದಲವೆಬ್ಬಿಸುವವರನ್ನು ಗಣಿತವು ಪೂರ್ಣ ಅವಿಕಾರಿಯೆಂದು ಒಪ್ಪುವುದಿಲ್ಲ. ಕೂಡುವುದಕ್ಕೂ ಗುಣಿಸುವುದಕ್ಕೂ ಮಾತ್ರ ಆ ಭಾಗ್ಯವುಂಟು, ಮಹಾವೀರನು ಎರಡು ಕಡೆಯಿಂದಲೂ ಸೊನ್ನೆಯನ್ನು ಪರೀಕ್ಷಿಸಿದುದರ ಮಹತ್ತ್ವವೂ ಇದೇ.

ಒಂದು ಕ್ರಿಯೆಗೆ ಇಂಥ ಅವಿಕಾರಿಗಳು ಇಬ್ಬರಿರಬಹುದೇ? ೧೯೪೮ರವರೆಗೆ ಸವಣೂರು ನವಾಬರ ಸಂಸ್ಥಾನವಾಗಿದ್ದಿತು, ಹಾನಗಲ್ಲು ಮುಂಬಯಿ ಸರಕಾರದ ಆಡಳಿತಕ್ಕೆ ಸೇರಿದ್ದಿತು. ಕಾನೂನುಗಳು ಬೇರೆ, ಕಚೇರಿಗಳು ಬೇರೆ. ಸೊನ್ನೆಗಳೂ ಬೇರೆಯಾಗಿದ್ದುವೆಂದು ವಿನೋದಕ್ಕಾಗಿ ಭಾವಿಸೋಣ. ಹಾನಗಲ್ಲಿನವರು ತಮ್ಮದೊಂದು ಸಂಖ್ಯೆಯನ್ನು ತೋರಿಸಿ, ಇದನ್ನು ಯಾವುದಕ್ಕೆ ಕೂಡಿಸಿದರೂ ಅದು ಬದಲಾಗದು ಎನ್ನುತ್ತಾರೆ. ಸವಣೂರಿನವರು ಬೇರೊಂದನ್ನು ತೋರಿಸಿ ಅದನ್ನೇ ಹೇಳುತ್ತಾರೆ. ಇಬ್ಬರ ಮಾತೂ ದಿಟವಾಗಿದ್ದರೆ ಎರಡನ್ನೂ ಒಂದೆಡೆ ತಂದು ಕೂಡಿಸಿ ನೋಡಿರಿ. ಹಾನಗಲ್ಲಿನದು ಅವಿಕಾರಿಯಾದುದರಿಂದ ಅದು ಸವಣೂರಿನದನ್ನು ಬದಲಿಸಲಾರದು, ಆದಕಾರಣ ಮೊತ್ತವು ಸವಣೂರಿನದು. ಸವಣೂರಿನದೂ ಅವಿಕಾರಿಯಾದುದರಿಂದ ಅದು ಹಾನಗಲ್ಲಿನದನ್ನು ಬದಲಿಸಲಾರದು, ಆದಕಾರಣ ಮೊತ್ತವು ಹಾನಗಲ್ಲಿನದು. ಮೊತ್ತವಾದರೋ ಒಂದೇ. ಆದುದರಿಂದ ಎರಡೂ ಒಂದೇ ಸಂಖ್ಯೆ, ಹೆಸರು ಮಾತ್ರ ಎರಡು. ಈ ಸಣ್ಣ ತರ್ಕವು ಸೊನ್ನೆಯ ಬಗೆಗೆ ಮಾತ್ರವಲ್ಲದೆ ಗುಣಾಕಾರದ ಒಂದಕ್ಕೂ, ಅದಲ್ಲದೆ ಎಡಬಲಗಳಲ್ಲಿ ಸುಮ್ಮನಿರಬಲ್ಲ ಯಾವ ಕ್ರಿಯೆಯ ಅವಿಕಾರಿಗೂ ಅಕ್ಷರಶಃ ಅನ್ವಯಿಸುತ್ತದೆ; ಲೆಕ್ಕವನ್ನೇ ಮಾಡದೆ ಲೆಕ್ಕವನ್ನು ಗೆಲ್ಲುವ ಇಂಥ ಯುಕ್ತಿಗಳಿಗಾಗಿಯೇ ನಾನು ಗಣಿತವನ್ನು ಪ್ರೀತಿಸುವುದು.

ಏನನ್ನೂ ಮಾಡದ ಸಂಖ್ಯೆಯಿಂದ ಪ್ರಯೋಜನವೇನೆಂಬ ನಮ್ಮ ಸಹಪಾಠಿಯ ಮೂಲಸಂದೇಹವು ಇನ್ನೂ ಉಳಿದಿದೆ. ಅದಕ್ಕೆ ಉತ್ತರವು ಭಿನ್ನರಾಶಿಗಳಲ್ಲಿದೆ. ಹೊಲವೊಂದರ ನಾಲ್ಕನೆಯ ಒಂದು ಪಾಲು ಅಣ್ಣನಿಂದಲೂ, ಆರನೆಯ ಒಂದು ಪಾಲು ಚಿಕ್ಕಪ್ಪನಿಂದಲೂ ಒಬ್ಬನಿಗೆ ಬಂದಿದೆಯೆಂದಿಟ್ಟುಕೊಳ್ಳಿರಿ. ೧/೪ನ್ನೂ ೧/೬ನ್ನೂ ಇದ್ದಂತೆಯೇ ಕೂಡಿಸುವುದು, ಚಿಟ್ಟಿಯನ್ನೂ ಸೇರನ್ನೂ ಒಟ್ಟಿಗೆ ಎಣಿಸಿದಂತೆ ಅಸಂಗತ. ಆದುದರಿಂದ ಮೊದಲನೆಯದನ್ನು ೩/೩ರಿಂದಲೂ ಎರಡನೆಯದನ್ನು ೨/೨ರಿಂದಲೂ ಗುಣಿಸುತ್ತೇವೆ. ಅವು ೩/೧೨, ೨/೧೨ ಆಗಿ, ಮೊತ್ತವು ೫/೧೨ ಎಂದು ನಿರಾಯಾಸವಾಗಿ ಬರುತ್ತದೆ. ೩/೩ ಎಂದರೇನು? ಒಂದೇ. ೨/೨ ಎಂದರೇನು? ಅದೂ ಒಂದೇ. ಏನನ್ನೂ ಬದಲಿಸದವನೆಂಬ ಭರವಸೆಯಿರುವುದರಿಂದಲೇ ಒಂದನ್ನು ಬೇಕಾದ ವೇಷದಲ್ಲಿ ಒಳಗೆ ಬಿಟ್ಟುಕೊಳ್ಳುತ್ತೇವೆ. ಅವನು ಬೆಲೆಯನ್ನು ಮುಟ್ಟದೆ ರೂಪವನ್ನು ಮಾತ್ರ ಬದಲಿಸಿ ಹೊರಡುತ್ತಾನೆ. ಛೇದಗಳನ್ನು ಹೀಗೆ ಸಮಗೊಳಿಸಲು ಬೇಕಾದ ಕನಿಷ್ಠ ಸಂಖ್ಯೆಯನ್ನು, ಇಲ್ಲಿ ಹನ್ನೆರಡನ್ನು, ‘ನಿರುದ್ಧ’ವೆಂದು ಕರೆದು ಅದನ್ನು ಪಡೆಯುವ ಕ್ರಮವನ್ನು ನಿರೂಪಿಸಿದವನೂ ಮಹಾವೀರಾಚಾರ್ಯನೇ. ರೂಪಾಯಿಯನ್ನು ಆಣೆಗೆ ತಿರುಗಿಸುವಾಗ ಹಿರಿಯರು ಮಾಡುತ್ತಿದ್ದುದೂ ಇದೇ ಉಪಾಯ: ಒಂದು ರೂಪಾಯಿಗೆ ಹದಿನಾರಾಣೆಯಾದುದರಿಂದ ‘ಹದಿನಾರಾಣೆ ಭಾಗಿಸು ಒಂದು ರೂಪಾಯಿ’ ಎಂಬುದು ಒಂದರ ಮತ್ತೊಂದು ವೇಷ, ಮೂರು ರೂಪಾಯಿಯನ್ನು ಅದರಿಂದ ಗುಣಿಸಿದರೆ ನಲವತ್ತೆಂಟಾಣೆ, ಹಣ ಹೆಚ್ಚಲೂ ಇಲ್ಲ, ಕುಂದಲೂ ಇಲ್ಲ. ೧೯೫೭ರ ಏಪ್ರಿಲ್ ೧ರಂದು ನಯೇ ಪೈಸೆ ಬಂದಾಗ ವೇಷವು ನೂರಕ್ಕೆ ಒಂದಾಯಿತು, ಅಷ್ಟೇ. ಹೀಗೆ ವೇಷ ಬದಲಿಸಿದ ತಾಲ್ಲೂಕುಗಳೂ ಉಂಟು: ಮುಂಬಯಿ ಇಲಾಖೆಯ ಕಾಲದಲ್ಲಿ ಹಿರೇಕೆರೂರಿನಲ್ಲಿ ಕಚೇರಿಯಿದ್ದ ತಾಲ್ಲೂಕಿಗೆ ಕೋಡ ಎಂದೂ, ಶಿಗ್ಗಾವಿಯಲ್ಲಿ ಕಚೇರಿಯಿದ್ದ ತಾಲ್ಲೂಕಿಗೆ ಬಂಕಾಪುರ ಎಂದೂ ಹೆಸರಿದ್ದಿತು. ಹೆಸರು ಮಗುಚಿದರೂ ಕಚೇರಿಗೆ ಹೋಗುವ ದಾರಿಯು ಬದಲಾಗಲಿಲ್ಲ.

ಮಹಾವೀರನಿಗೆ ಈ ಒಂದರ ಮೇಲೆ ವಿಶೇಷ ಮಮತೆಯಿದ್ದಂತೆ ತೋರುತ್ತದೆ. ಅಂಶದಲ್ಲಿ ಒಂದೇ ಇರುವ ಭಿನ್ನಗಳು ಬೇಕಾದಷ್ಟು ಸೇರಿ ಪೂರ್ಣ ಒಂದಾಗುವಂತೆ ಮಾಡುವ ಸೂತ್ರವನ್ನು ಆತನು ಕೊಟ್ಟಿದ್ದಾನೆ. ನಾಲ್ಕು ಭಿನ್ನಗಳು ಬೇಕೆಂದರೆ ೧/೨, ೧/೩, ೧/೯, ೧/೧೮: ಹದಿನೆಂಟು ಮಾವಿನ ಹಣ್ಣುಗಳನ್ನು ಮುಂದಿಟ್ಟುಕೊಂಡು ಒಂಬತ್ತು, ಆರು, ಎರಡು, ಒಂದು ಎಂದು ಪಾಲು ಮಾಡಿರಿ, ಬುಟ್ಟಿಯಲ್ಲಿ ಒಂದೂ ಉಳಿಯದು.

ಸೊನ್ನೆ ಒಂದುಗಳ ಪದವಿಯು ಬೇರೆ ಸಂಖ್ಯೆಗಳಿಗೆ ದೊರೆಯುವ ಪ್ರಸಂಗಗಳೂ ಉಂಟು. ವಾರಕ್ಕೊಮ್ಮೆ ಸಂತೆ ಕೂಡುವ ಊರಿನಲ್ಲಿ ಇಂದು ಸಂತೆಯಾದರೆ ಇಂದಿಗೆ ಏಳನೆಯ ದಿನವೂ ಸಂತೆಯೇ. ವಾರಗಳ ಲೆಕ್ಕದಲ್ಲಿ ಏಳನ್ನು ಕೂಡಿಸುವುದೆಂದರೆ ಏನನ್ನೂ ಕೂಡಿಸದಿರುವುದು, ಏಳು ಅಲ್ಲಿ ಸೊನ್ನೆಯ ಗಾದಿಯಲ್ಲಿ ಕುಳಿತಿರುತ್ತದೆ. ಎಂಟು ಒಂದರ ಗಾದಿಯಲ್ಲಿ. ಮೂರನ್ನು ಎಂಟರಿಂದ ಗುಣಿಸಿದರೆ ಇಪ್ಪತ್ತನಾಲ್ಕು, ಅದರಲ್ಲಿ ಮೂರು ವಾರಗಳನ್ನು ಕಳೆದರೆ ಮತ್ತೆ ಮೂರೇ. ಹಾನಗಲ್ಲಿನ ತಾರಕೇಶ್ವರ ದೇವಾಲಯದ ಸಭಾಮಂಟಪದಲ್ಲಿ ನಿಂತು ತಲೆಯೆತ್ತಿದರೆ ಕಾಣುವ, ಕಮಲದಂತೆ ಇಳಿಬಿದ್ದ ಆ ಅಷ್ಟಕೋನದ ಭುವನೇಶ್ವರಿಯ, ಎಂದರೆ ಕೆತ್ತನೆಯ ಒಳಛತ್ತಿನ, ಬಳಿಗೆ ಬಂದಾಗ ಸಂಖ್ಯೆಯೇ ಮಾಯವಾಗುತ್ತದೆ. ಅದರ ಹೊರ ಅಂಚನ್ನು ಮನಸ್ಸಿನಲ್ಲಿ ಒಂದು ಭುಜದಷ್ಟು ತಿರುಗಿಸಿರಿ, ಇನ್ನೊಮ್ಮೆ ತಿರುಗಿಸಿರಿ. ಎಂಟನೆಯ ಸಲಕ್ಕೆ ಪ್ರತಿಯೊಂದು ಮೂಲೆಯೂ ತನ್ನ ಮೊದಲಿನ ಸ್ಥಾನವನ್ನು ಸೇರುತ್ತದೆ. ತಿರುಗಿಸುವುದೆಂಬ ಕ್ರಿಯೆಯಲ್ಲಿ ‘ತಿರುಗಿಸದಿರುವುದೂ’ ಒಂದು ತಿರುಗಣೆಯೆಂದು ಎಣಿಸದಿದ್ದರೆ, ಎಂಟು ಸಲದ ಆ ಪರಿಭ್ರಮಣಕ್ಕೆ ಹೆಸರೇ ಸಿಕ್ಕುವುದಿಲ್ಲ. ಏನೂ ಮಾಡಲಾರದ್ದೂ ಒಂದು ಲೆಕ್ಕವೆಂದು ನಮ್ಮ ಮಾಸ್ತರರು ಹೇಳಿದ್ದು ಅಕ್ಷರಶಃ ದಿಟ.

ಮುಂದಿನ ಅಧ್ಯಾಯಕ್ಕೆ ಹೋಗುವ ಮುನ್ನ ಓದುಗರು ಒಮ್ಮೆ ಮನಸ್ಸಿನಲ್ಲಿಯೇ ಬಂಕಾಪುರದ ಅರವತ್ತು ಕಂಬದ ಗುಡಿಗೆ ಹಿಂದಿರುಗಿ ಬರಬೇಕೆಂದು ಕೋರುತ್ತೇನೆ. ಕಂಬಗಳ ಒಂದು ಸಾಲು ಬಂದು ಇನ್ನೊಂದು ಸಾಲನ್ನು ಮೂಲೆಯಲ್ಲಿ ಕೂಡುವಾಗ ಮೂಲೆಯ ಕಂಬವು ಎರಡು ಸಾಲಿಗೂ ಸಮಾನವಾಗಿರುತ್ತದೆ. ಐದು ಕಂಬದ ಸಾಲಿಗೆ ನಾಲ್ಕು ಕಂಬದ ಸಾಲು ಹೀಗೆ ಸೇರಿದರೆ ಒಟ್ಟು ಒಂಬತ್ತಲ್ಲ, ಎಂಟು. ಸಾಲಿಗೆ ಸಾಲನ್ನು ಜೋಡಿಸುವ ಈ ಕ್ರಿಯೆಯಲ್ಲಿ, ಯಾವ ಸಾಲಿಗೆ ಜೋಡಿಸಿದರೂ ಅದನ್ನು ಬದಲಿಸದ ಸಾಲು ಎಷ್ಟು ಕಂಬಗಳದು? ಕಾಗದದ ಮೇಲೆ ಚುಕ್ಕೆಗಳನ್ನಿಟ್ಟು ನೀವೇ ಕಂಡುಕೊಳ್ಳಿರಿ, ಉತ್ತರವು ಸೊನ್ನೆಯಲ್ಲ.